ಮೊದಲ ತೂಗು

ಮಾರ್ಚ್ ಹನ್ನೊಂದನೇ ತಾರೀಖು, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಹದಿನೇಳು ನಿಮಿಷಕ್ಕೆ ನಮ್ಮೂರು ಪೂರ್ವಕ್ಕೆ ವಾಲಿ ನಿಂತಿತು. ನಾನು ಸಂಸತ್ತಿನ ಸಭಾಂಗಣದ ನಡುವೆ ಮಂಡಿಯೂರಿ ಕೂತು, ಛಾವಣಿಯಿಂದ ನೇತುಬಿಟ್ಟ ಹಿತ್ತಾಳೆಯ ಗುಂಡು ಯಾವ ಗೆರೆಯ ಮೇಲೆ ನಿಂತಿದೆ ಎಂದು ಎರಡು ಸಲ ನೋಡಿದೆ. ಆಮೇಲೆ ಎದ್ದು, ಸೀರೆ ಕೊಡವಿಕೊಂಡು, "ಪೂರ್ವ, ಏಳು ಗೆರೆ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಹೆರಿಗೆಮನೆಗಳ ಮಸೂದೆ ಮೊದಲ ಹಂತ ದಾಟಿತು.

ನಮ್ಮಲ್ಲಿ ಸದಸ್ಯರ ಮತವನ್ನು ತಲೆ ಎಣಿಸಿ ಲೆಕ್ಕ ಹಾಕುವುದಿಲ್ಲ. ಒಪ್ಪಿದವರು ಪೂರ್ವದ ಮೊಗಸಾಲೆಗೂ ಒಪ್ಪದವರು ಪಶ್ಚಿಮದ ಮೊಗಸಾಲೆಗೂ ನಡೆದುಹೋಗುತ್ತಾರೆ. ಹೆಚ್ಚು ಜನ ಹೋದ ಕಡೆಗೆ ಊರು ವಾಲುತ್ತದೆ. ಆ ಕಡೆ ಒಬ್ಬರು ಹೆಚ್ಚಿದ್ದರೆ ಗುಂಡು ಒಂದು ಗೆರೆ ಸರಿಯುತ್ತದೆ. ಒಂದು ಗೆರೆ ಎಂದರೆ ನೆಲ ಮೀಟರಿಗೆ ಅರ್ಧ ಮಿಲಿಮೀಟರ್ ಇಳಿಜಾರಾಯಿತು ಎಂದು. ಸದಸ್ಯ ದಡೂತಿಯೋ ಬಡಕಲೋ, ಅದಕ್ಕೆ ಲೆಕ್ಕವಿಲ್ಲ. ಗುಂಡಿನ ತುದಿ ಹರಳೆಣ್ಣೆಯ ಬಟ್ಟಲಿನಲ್ಲಿ ಮುಳುಗಿರುವುದರಿಂದ ಸುಮ್ಮನೆ ಓಲಾಡುವುದಿಲ್ಲ. ಅದನ್ನು ಓದುವುದು ನನ್ನ ಕೆಲಸ. ಹೆಸರು ವಿಶಾಲಾಕ್ಷಿ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ ಹನ್ನೊಂದು ವರ್ಷದ ಹಿಂದೆ ಈ ಕೆಲಸಕ್ಕೆ ಸೇರಿದೆ. ಊರಿನವರು ನನ್ನನ್ನು ಮಟ್ಟದಮ್ಮ ಅನ್ನುತ್ತಾರೆ.

ವಾಲಿದ ಊರು ಮುಂದಿನ ಮತದಾನದವರೆಗೆ ಹಾಗೇ ಇರುತ್ತದೆ. ಅದಕ್ಕೆ ನಾವೆಲ್ಲ ಹೊಂದಿಕೊಂಡಿದ್ದೇವೆ. ಪ್ರತಿ ಮನೆಯಲ್ಲೂ ಮಂಚಕ್ಕೊಂದು ಜೊತೆ ಬೆಣೆ, ಒಲೆಗೊಂದು ಜೊತೆ ಬೆಣೆ, ತೊಟ್ಟಿಲಿಗೆ ಬೇರೆ. ಹೋಟೆಲಿನಲ್ಲಿ ದೋಸೆ ಒಂದು ಅಂಚಿಗೆ ದಪ್ಪ, ಇನ್ನೊಂದು ಅಂಚಿಗೆ ಗರಿಗರಿ. ಯಾವ ಅಂಚು ಯಾರಿಗೆ ಎಂದು ಗಂಡಹೆಂಡಿರು ಮೊದಲೇ ಮಾತಾಡಿಕೊಂಡಿರುತ್ತಾರೆ. ಕೇರಂ ಆಡುವವರು ಆಟಕ್ಕೊಮ್ಮೆ ಜಾಗ ಬದಲಾಯಿಸುತ್ತಾರೆ. ಪೂರ್ವಕ್ಕೆ ಬಹಳ ವಾಲಿದ ವಾರಗಳಲ್ಲಿ ಕೆಳಬೀದಿಯವರು ಸಂಜೆಯಾದರೆ ಚರಂಡಿ ಉಕ್ಕದ ಹಾಗೆ ಅದರ ಬಾಯಿಗೆ ಹಲಗೆ ಮುಚ್ಚಿ ಅದರ ಮೇಲೇ ಕೂತು ಹರಟುತ್ತಾರೆ. ದೂರದ ಸದಸ್ಯರು ಮಾತ್ರ ಶನಿವಾರದ ರೈಲು ಹತ್ತಿ ತಮ್ಮ ತಮ್ಮ ಊರಿಗೆ ಹೋಗುತ್ತಾರೆ. ಅಲ್ಲಿ ನೆಲ ಮಟ್ಟವಾಗಿಯೇ ಇರುತ್ತದೆ.

ಗುಡ್ಡನಾಡು, ಕರೆನಾಡು, ಹೊಳೆನಾಡು, ಈ ಮೂರಕ್ಕೂ ಅವವೇ ಆದ ಸಭೆಗಳಿವೆ. ಶಾಲೆ, ಆಸ್ಪತ್ರೆ, ಕಾಲುವೆಗಳ ವಿಷಯವನ್ನು ಅವರು ಅಲ್ಲೇ ತೀರ್ಮಾನಿಸಿಕೊಳ್ಳುತ್ತಾರೆ, ಅದಕ್ಕೆ ನಾವು ಬಾಯಿ ಹಾಕುವ ಹಾಗಿಲ್ಲ. ನಮ್ಮೂರು ಇರುವ ನಡುನಾಡಿಗೆ ಅಂಥ ಸಭೆ ಇಲ್ಲ. ನಮ್ಮ ಶಾಲೆ, ಆಸ್ಪತ್ರೆಗಳನ್ನೆಲ್ಲ ಈ ದೊಡ್ಡ ಸಂಸತ್ತೇ ನೋಡಿಕೊಳ್ಳಬೇಕು. ಅಲ್ಲಿ ನಡೆದು ಮತ ಹಾಕುವವರು ಅರವತ್ತೊಂದು ಜನ: ನಡುನಾಡಿನವರು ಮೂವತ್ತೊಂದು, ಉಳಿದ ಮೂರು ನಾಡಿನವರು ಹತ್ತು ಹತ್ತರಂತೆ ಮೂವತ್ತು. ಹೆರಿಗೆಮನೆಗಳ ಮಸೂದೆ ಬರೀ ನಡುನಾಡಿಗೆ ಸಂಬಂಧಪಟ್ಟದ್ದು. ಹನ್ನೆರಡು ಮಂಚಕ್ಕಿಂತ ಚಿಕ್ಕ ಹೆರಿಗೆಮನೆಗಳನ್ನೆಲ್ಲ ಮುಚ್ಚಿ, ಅಲ್ಲಿನ ದಾದಿಯರನ್ನು ಎಲ್ಲಿ ಕೊರತೆಯಿದೆಯೋ ಆ ನಾಡಿಗೆ ಕಳಿಸಬೇಕು ಎಂದು ಅದರಲ್ಲಿತ್ತು. ಮುಚ್ಚುವ ಒಂಬತ್ತರಲ್ಲಿ ಕೆರೆಯಂಚಿನದೂ ಒಂದು. ಎಂಟು ಮಂಚ. ಅದನ್ನು ಇಪ್ಪತ್ತಾರು ವರ್ಷದಿಂದ ನಡೆಸುತ್ತಿರುವವಳು ನನ್ನ ಚಿಕ್ಕಮ್ಮ ದೇವೀರಮ್ಮ.

ಆವತ್ತು ಚಿಕ್ಕಮ್ಮ ಮೇಲಿನ ಗ್ಯಾಲರಿಯಲ್ಲಿ ಕೂತಿದ್ದಳು. ಕೆಳಗಿಳಿದು ಬಂದು ಮೆಟ್ಟಿಲ ಹತ್ತಿರ ನನ್ನನ್ನು ಹಿಡಿದಳು.

"ಏನೇ ವಿಶಾಲೂ, ಕೂಗಿದ್ದು ನೀನೇ ಅಲ್ವಾ?"

"ನಾನು ಓದಿ ಹೇಳೋದು ಅಷ್ಟೇ ಚಿಕ್ಕಮ್ಮ."

"ಸರಿ, ಓದು. ನಮ್ಮ ಕಡೆಯೋರೇ ನನ್ನ ಬಾಗಿಲು ಮುಚ್ಚಿದ್ರೋ, ಬೇರೆಯೋರು ಬಂದು ಮುಚ್ಚಿದ್ರೋ? ಅದನ್ನ ನಿನ್ನ ಗುಂಡು ಹೇಳುತ್ತಾ?"

"ಅದು ಒಟ್ಟು ಲೆಕ್ಕ ಮಾತ್ರ ಹೇಳುತ್ತೆ."

"ನನ್ನಲ್ಲಿಗೆ ಬರೋ ಬಸುರಿ ಇನ್ನು ಮೂವತ್ತು ಮೈಲಿ ಗಾಡೀಲಿ ಹೋಗ್ಬೇಕು ಕಣೆ. ಮುಚ್ಚಿದ್ದು ಯಾರು ಅಂತ ಗೊತ್ತಾದ್ರೆ ಹೋಗಿ ಕಾಲಾದ್ರೂ ಹಿಡೀಬಹುದು. ಒಟ್ಟು ಲೆಕ್ಕದ ಕಾಲು ಹೆಂಗೆ ಹಿಡೀಲಿ?"

ಮಸೂದೆಯ ಕೊನೆಯ ಮತದಾನ ಏಪ್ರಿಲ್ ಒಂಬತ್ತಕ್ಕೆ ಎಂದು ಗೊತ್ತಾಗಿತ್ತು. ಅದು ಮೂರು ತಿಂಗಳ ರಜೆಗೆ ಮುಂಚಿನ ಕಡೆಯ ದಿನ. ಇಪ್ಪತ್ತೊಂಬತ್ತು ದಿನ ಉಳಿದಿದ್ದವು.

ಮರುದಿನ ಬೆಳಿಗ್ಗೆ ಹಾಲಿನ ಚೆಲುವಕ್ಕ ಬಂದಳು. ಅಳತೆಯ ಲೋಟದಿಂದ ಹಾಲು ಹೊಯ್ಯುತ್ತಾ, "ನಿನ್ನೆ ಮೂರು ಲೀಟರ್ ಮಣ್ಣುಪಾಲಾಯ್ತು ಮಟ್ಟದಮ್ಮ, ನಿಮ್ಮ ದೊಡ್ಡವರಿಗೆ ಹೇಳಿ" ಅಂದಳು.

"ಮತದಾನದ ಗಂಟೆ ಹೊಡೆದಾಗ ಕ್ಯಾನು ಹಿಡ್ಕೊಂಡಿರ್ಲಿಲ್ವಾ?"

"ಹಿಡ್ಕೊಳ್ದೆ ಏನು? ಗಂಟೆ ಆಯ್ತು, ಮೊದಲ ತೂಗು ಬಂತು, ತಬ್ಬಿಕೊಂಡೆ. ಪಶ್ಚಿಮಕ್ಕೆ ಬಂತು, ಆ ಕಡೆಗೆ ಮಂಡಿ ಕೊಟ್ಟೆ. ಎರಡನೇ ತೂಗು ಅದೇ ಕಡೆ ಬಂದ್ರೆ ಯೋಚ್ನೆ ಇಲ್ಲ. ನಿನ್ನೆ ತಿರುಗಿ ಪೂರ್ವಕ್ಕೆ ಎಳೀತು ನೋಡಿ. ಅಂಥ ದಿನಾನೇ ಚೆಲ್ಲೋದು."

ನಾನು ಪಾತ್ರೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಪ್ರತಿ ಮತದಾನಕ್ಕೂ ಊರು ಎರಡು ಸಲ ತೂಗುತ್ತದೆ ಎಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಮೊದಲನೆಯದಕ್ಕೆ ಹಿಡಿದುಕೋ, ಎರಡನೆಯದು ಮುಗಿದ ಮೇಲೆ ಬಿಡು ಎಂದು ನಡೆಯಲು ಕಲಿಸುವಾಗಲೇ ಕಲಿಸುತ್ತೇವೆ. ಯಾಕೆ ಎರಡು ಎಂದು ಕೇಳಿದರೆ ಕಟ್ಟಡ ಹಳೆಯದು ಅನ್ನುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ, ಅದೂ ಹನ್ನೊಂದು ವರ್ಷ ಆ ಗುಂಡಿನ ಪಕ್ಕದಲ್ಲೇ ಮಂಡಿಯೂರಿ.

ಗುಂಡು ನಿಂತ ಮೇಲೆ ಒಮ್ಮೆ ಓದಿದರೆ ಸಾಕು ಎಂಬುದು ನಿಯಮ. ಆದರೆ ಕಾಲೇಜಿನ ಲ್ಯಾಬಿನಲ್ಲಿ ನಮ್ಮ ಮೇಷ್ಟ್ರು ನಡುವಿನ ಅಳತೆ ಬರೆಯದವರಿಗೆ ಸೊನ್ನೆ ಕೊಡುತ್ತಿದ್ದರು. ಆ ಭಯ ನನಗೆ ಇನ್ನೂ ಹೋಗಿಲ್ಲ. ಗಂಟೆ ಹೊಡೆದಾಗಿನಿಂದ ಅರ್ಧ ನಿಮಿಷಕ್ಕೊಮ್ಮೆ ಗುಂಡು ಎಲ್ಲಿದೆ ಎಂದು ಚಿಕ್ಕ ಪುಸ್ತಕದಲ್ಲಿ ಬರೆದಿಡುತ್ತೇನೆ. ಯಾರೂ ಅದನ್ನು ಕೇಳಿದವರಿಲ್ಲ. ನಾನೂ ತಿರುಗಿ ನೋಡಿರಲಿಲ್ಲ.

ನಾಲ್ಕು ದಿನ ರಜೆ ಹಾಕಿ ಇನ್ನೂರ ಹದಿನಾಲ್ಕು ಮತದಾನಗಳನ್ನು ಗ್ರಾಫ್ ಕಾಗದದ ಮೇಲೆ ಇಳಿಸಿದೆ. ಪ್ರತಿಯೊಂದರಲ್ಲೂ ಒಂದೇ ಆಕಾರ. ಗುಂಡು ಒಂದು ಕಡೆಗೆ ಸರಿಯುತ್ತದೆ, ಸುಮಾರು ಒಂದು ನಿಮಿಷ ಅಲುಗದೆ ನಿಲ್ಲುತ್ತದೆ, ಮತ್ತೆ ಸರಿಯುತ್ತದೆ. ಮೊದಲ ನಿಲುಗಡೆ ಒಂದು ಸಲವೂ ಮೂವತ್ತೊಂದು ಗೆರೆ ದಾಟಿರಲಿಲ್ಲ. ಕಾರಣ ಕಟ್ಟಡದಲ್ಲಿರಲಿಲ್ಲ, ಮರ್ಯಾದೆಯಲ್ಲಿತ್ತು. ನಡುನಾಡಿನವರು ಮನೆಯವರು, ಉಳಿದವರು ನೆಂಟರು. ಮನೆಯವರು ಮೊದಲು ಎದ್ದು ಹೋಗಿ ಬಾಗಿಲು ತೆಗೆದು ನಿಲ್ಲಬೇಕು, ನೆಂಟರು ಆಮೇಲೆ ಬರಬೇಕು ಎಂಬ ಪದ್ಧತಿ ಸಂಸತ್ತು ಕಟ್ಟಿದಾಗಿನಿಂದ ಇದೆ. ಮೊದಲ ತೂಗು ನಮ್ಮವರದು, ಎರಡನೆಯದು ಉಳಿದವರದು. ನಮಗೆ ಮಾತ್ರ ಸಂಬಂಧಪಟ್ಟ ಮಸೂದೆಗಳು ಮೂವತ್ತೆಂಟು ಇದ್ದವು. ಅವುಗಳಲ್ಲಿ ಹದಿನೇಳು ಸಲ ಎರಡನೇ ತೂಗು ಮೊದಲನೆಯದನ್ನು ತಿರುಗಿಸಿಹಾಕಿತ್ತು. ಮಾರ್ಚ್ ಹನ್ನೊಂದರ ಹಾಳೆಯಲ್ಲಿ ಮೂರು ಗಂಟೆ ಹದಿನಾಲ್ಕೂವರೆಗೆ ಗುಂಡು ಪಶ್ಚಿಮದ ಐದನೇ ಗೆರೆಯ ಮೇಲೆ ನಿಂತಿತ್ತು.

ಸಭಾಧ್ಯಕ್ಷೆ ಅಲಮೇಲಮ್ಮನವರು ಆ ಹಾಳೆಗಳನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿಯೂ ನೋಡಿದರು.

"ವಿಶಾಲಾಕ್ಷಿ, ನೀವು ಓದೋರು. ಕಾನೂನು ಬರೆಯೋರಲ್ಲ."

"ಓದಿದ್ದನ್ನೇ ತಂದಿದ್ದೀನಿ ಅಮ್ಮಾವ್ರೆ. ಗುಂಡನ್ನ ಯಾವಾಗ ಯಾವಾಗ ಓದ್ಬೇಕು ಅಂತ ಸೂಚನೆ ಕೊಡೋ ಹಕ್ಕು ಮಟ್ಟದ ಅಧಿಕಾರಿಗಿದೆ. ಹತ್ತೊಂಬತ್ತನೇ ನಿಯಮ."

"ಆ ನಿಯಮ ಯಾರಾದ್ರೂ ಬಳಸಿದ್ದಾರಾ?"

"ಇಲ್ಲ."

"ನಿಮ್ಮ ಚಿಕ್ಕಮ್ಮ ಕೆರೆಯಂಚಿನಲ್ಲಿದ್ದಾರಂತೆ."

"ಹೌದು. ಅದನ್ನೂ ಸೂಚನೆಯ ಕೆಳಗೆ ಬರೆದಿದ್ದೀನಿ. ಗ್ರಾಫನ್ನ ಬೇರೆ ಯಾರ ಕೈಲಾದ್ರೂ ಪರೀಕ್ಷೆ ಮಾಡಿಸಿ."

ಅವರು ಇಬ್ಬರು ಗಣಿತದ ಅಧ್ಯಾಪಕರನ್ನು ಕರೆಸಿ ಪರೀಕ್ಷೆ ಮಾಡಿಸಿದರು. ಎರಡು ಕಡೆ ನನ್ನ ಕೂಡುವಿಕೆ ತಪ್ಪಿತ್ತು, ಹದಿನೇಳು ಎಂಬುದು ಮಾತ್ರ ತಪ್ಪಿರಲಿಲ್ಲ. ಸೂಚನೆಯನ್ನು ಮಾರ್ಚ್ ಇಪ್ಪತ್ತೆಂಟಕ್ಕೆ ಮತಕ್ಕೆ ಹಾಕಲು ಒಪ್ಪಿದರು. ಅದರಲ್ಲಿದ್ದದ್ದು ಇಷ್ಟು: ಮಸೂದೆ ನಡುನಾಡಿಗೆ ಮಾತ್ರ ಸಂಬಂಧಪಟ್ಟದ್ದಾದರೆ ಮೊದಲ ನಿಲುಗಡೆಯನ್ನೂ ಗಟ್ಟಿಯಾಗಿ ಓದಬೇಕು. ಅದು ಪಶ್ಚಿಮವಾದರೆ ಮಸೂದೆ ಅಲ್ಲಿಗೇ ಬಿತ್ತು. ಪೂರ್ವವಾದರೆ ಉಳಿದವರೂ ನಡೆಯಬೇಕು, ಆಗಲೂ ಪೂರ್ವವೇ ಆದರೆ ಮಾತ್ರ ಕಾನೂನು.

ಇದು ಊರಿನ ಬಾಯಿಗೆ ಬೀಳುವ ಹೊತ್ತಿಗೆ ಬೇರೆಯೇ ಆಗಿತ್ತು. ಮಟ್ಟದಮ್ಮ ಇನ್ನು ಮೇಲೆ ಊರನ್ನು ಎರಡೆರಡು ಸಲ ವಾಲಿಸುತ್ತಾಳಂತೆ ಎಂದು ಸುದ್ದಿ. ಬಡಗಿ ಕಾಳಾಚಾರ್ ಅಂಗಳದಲ್ಲಿ ಜನ ಸೇರಿ ನಮ್ಮ ಮೂವತ್ತೊಂದು ಸದಸ್ಯರಿಗೂ ಮನವಿ ಕೊಡುವುದೆಂದು ಮಾತಾಡಿಕೊಂಡರು: ಸೂಚನೆ ಬೇಡ, ಪಶ್ಚಿಮಕ್ಕೆ ನಡೆಯಿರಿ ಎಂದು. ನಮ್ಮವರೇ ತಿರುಗಿಬಿದ್ದರೆ ಮುಗಿಯಿತು. ನಾನು ಗ್ರಾಫ್ ಕಾಗದದ ಸುರುಳಿ ಹಿಡಿದುಕೊಂಡು ಅಲ್ಲಿಗೆ ಹೋದೆ. ಒಬ್ಬರೂ ಅದರ ಕಡೆ ನೋಡಲಿಲ್ಲ.

"ಒಂದಕ್ಕೇ ನಮ್ಮ ಸೊಂಟ ಬಿದ್ದುಹೋಗಿದೆ. ಇವಮ್ಮನಿಗೆ ಇನ್ನೊಂದು ಬೇಕಂತೆ" ಎಂದು ಚೆಲುವಕ್ಕ ಎಲ್ಲರಿಗೂ ಕೇಳುವಂತೆ ಅಂದಳು. "ಆಫೀಸಿನ ನೆಲಕ್ಕೆ ಕೂತು ಓದೋರಿಗೆ ಕ್ಯಾನ್ ಹೊರೋ ಕಷ್ಟ ಏನು ಗೊತ್ತು?"

"ನೀವು ಹಂಗನ್ಬೇಡಿ" ಅಂದರು ಕಾಳಾಚಾರ್. "ಎರಡಾದ್ರೆ ಬೆಣೆ ಜಾಸ್ತಿ ಹೋಗುತ್ತೆ. ನಾನಾಗ್ಲೇ ಇನ್ನೂರು ಕುಯ್ದಿಟ್ಟಿದ್ದೀನಿ."

ಜನ ಅವರಿಗೆ ಛೀಮಾರಿ ಹಾಕಿ ಸುಮ್ಮನಾಗಿಸಿದರು. ನಾನು ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡೆ.

"ಚೆಲುವಕ್ಕ, ಗಂಟೆ ಹೊಡೆದ ಮೇಲೆ ಏನು ಮಾಡ್ತೀರಿ, ಇವರಿಗೂ ಒಂದ್ಸಲ ಹೇಳಿ."

"ಹೇಳೋದೇನು, ಎಲ್ಲರಿಗೂ ಗೊತ್ತಿರೋದೇ. ಮೊದಲ ತೂಗಿಗೆ ಹಿಡ್ಕೊಳ್ಳೋದು. ಎರಡನೇ ತೂಗು..." ಅಲ್ಲಿಗೆ ನಿಲ್ಲಿಸಿ ನನ್ನ ಮುಖ ನೋಡಿದಳು. "ಹಂಗಾದ್ರೆ ಈಗಲೇ ಎರಡಿವೆಯಲ್ಲೇ ತಾಯಿ!"

"ಈಗಲೇ ಎರಡಿವೆ. ಹೊಸದಾಗಿ ನಾನು ಒಂದೂ ತರಲ್ಲ. ಮೊದಲನೇದು ಯಾರದು ಅಂತ ಬಾಯಿಬಿಟ್ಟು ಹೇಳ್ತೀನಿ, ಅಷ್ಟೇ. ನಮ್ಮವರು ಬೇಡ ಅಂದ್ರೆ ಎರಡನೇದು ಬರೋದೇ ಇಲ್ಲ."

"ಅಂದ್ರೆ ಚೆಲ್ಲೋ ದಿನ ಕಮ್ಮಿ ಆಗುತ್ತೆ ಅನ್ನಿ."

"ಹನ್ನೊಂದು ವರ್ಷಕ್ಕೆ ಆರು ದಿನ ಕಮ್ಮಿ ಆಗಿರೋದು." ಹದಿನೇಳರಲ್ಲಿ ಹನ್ನೊಂದು ಸಲ ನಮ್ಮವರು ಬೇಕು ಅಂದಿದ್ದನ್ನು ಉಳಿದವರು ಕೆಡವಿದ್ದರು, ಆ ದಿನಗಳಲ್ಲಿ ಎರಡನೇ ತೂಗು ಇದ್ದೇ ಇರುತ್ತಿತ್ತು. ಅದನ್ನು ಮುಚ್ಚಿಟ್ಟು ಹೇಳಲು ಮನಸ್ಸಾಗಲಿಲ್ಲ.

"ಬರೀ ಆರಾ? ಇರ್ಲಿ ಬಿಡಿ, ಹದಿನೆಂಟು ಲೀಟರ್ ಹಾಲು ಉಳೀತಲ್ಲ" ಅಂದಳು ಚೆಲುವಕ್ಕ. ಜನ ನಕ್ಕರು. ಮನವಿಯ ಕಾಗದದ ಹಿಂದೆ ಕಾಳಾಚಾರ್ ಮರಗೆಲಸದ ಅಳತೆ ಬರೆದುಕೊಂಡರು.

ನಮ್ಮವರು ಹದಿನೆಂಟು ಜನ ಸೂಚನೆಯ ಪರ ನಿಂತರು. ಹದಿಮೂರು ಜನ ಮಸೂದೆ ತಂದ ಮಂತ್ರಿಗಳ ಕಡೆಯವರು, ಅಲುಗುವಂತಿರಲಿಲ್ಲ. ಇನ್ನು ಬೇಕಾದದ್ದು ಹೊರಗಿನ ಮೂವತ್ತರಲ್ಲಿ ಹದಿಮೂರು. ತಮ್ಮ ಕೈಯನ್ನು ತಾವೇ ಕಟ್ಟಿಕೊಳ್ಳಿ ಎಂದು ಅವರನ್ನು ಕೇಳಬೇಕಿತ್ತು. ಕರೆನಾಡಿನವರಲ್ಲಿ ಮೂವರು, ಹೊಳೆನಾಡಿನವರಲ್ಲಿ ನಾಲ್ವರು ಒಪ್ಪಿದ್ದರು. ಉಳಿದದ್ದು ಗುಡ್ಡನಾಡು. ಅಲ್ಲಿನವರಿಗೆ ಹಿರಿಯರಾದ ಈರಭದ್ರಯ್ಯನವರು ನಮ್ಮ ಬೀದಿಯ ಕೊನೆಯಲ್ಲೇ ಬಾಡಿಗೆ ಕೋಣೆಯಲ್ಲಿದ್ದರು. ಚಿಕ್ಕಮ್ಮನನ್ನೂ ಕರೆದುಕೊಂಡು ಭಾನುವಾರ ಬೆಳಿಗ್ಗೆ ಹೋದೆ. ಆ ವಾರ ಅವರು ರೈಲು ಹತ್ತಿರಲಿಲ್ಲ. ಮಂಚದ ಕಾಲಿಗೆ ಬೆಣೆ ಕೊಡಲು ಬಾರದೆ ಹಾಸಿಗೆಯನ್ನು ನೆಲಕ್ಕೆ ಹಾಕಿಕೊಂಡಿದ್ದರು.

"ಬಾರವ್ವ. ನನ್ನನ್ನ ಎರಡನೇ ದರ್ಜೆ ಸದಸ್ಯ ಮಾಡೋಕೆ ಬಂದ್ಯಾ?" ಅಂದರು.

"ನಿಮ್ಮ ಹೆಜ್ಜೆ ನಿಮ್ಮದೇ ಅಯ್ಯನವರೆ. ನಮ್ಮವರ ಹೆಜ್ಜೆ ಕಾಣ್ಲಿ ಅಂತ ಕೇಳ್ತಿದ್ದೀನಿ."

"ನಿಮ್ಮೋರು ಬೇಡ ಅಂದ್ರೆ ನಾನು ಕುರ್ಚೀಲಿ ಗೊಂಬೆ ಥರ ಕೂತಿರ್ಬೇಕು. ಅದಕ್ಕಾ ನಮ್ಮ ಜನ ನನ್ನ ಕಳಿಸಿದ್ದು? ನಮ್ಮ ಗುಡ್ಡದಲ್ಲಿ ಬಸುರೀನ ಕಂಬಳಿ ಜೋಲೀಲಿ ಹಾಕ್ಕೊಂಡು ಎಂಟು ಮೈಲಿ ಹೊರ್ತೀವಿ. ಹೋದ ಮಳೆಗಾಲ ಇಬ್ಬರು ದಾರೀಲೇ ಹೋದ್ರು. ಒಬ್ಬಳು ನನ್ನ ತಮ್ಮನ ಸೊಸೆ. ನಿಮ್ಮಲ್ಲಿ ಹಳ್ಳಿಗೊಂದು ಹೆರಿಗೆಮನೆ. ದಾದಿಯರನ್ನ ಕೊಡಿ ಅಂದ್ರೆ ಅದು ನಡುನಾಡಿನ ವಿಷಯ ಮಾತ್ರ ಅಂತೀಯಲ್ಲ, ಹೆಂಗೆ?"

ಇದನ್ನು ನಾನು ಯೋಚಿಸಿರಲಿಲ್ಲ. ಹಾಳೆಯ ಮೇಲೆ ಹದಿನೇಳು ಎಂದು ಬರೆದಾಗ ಕಂಬಳಿ ಜೋಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ಪ್ರಶ್ನೆ ಮಾತ್ರ ಉಳಿದಿತ್ತು, ಅದನ್ನೇ ಕೇಳಿದೆ. "ನಿಮ್ಮ ಗುಡ್ಡದ ಸಭೇಲಿ ಒಂದು ಹೆರಿಗೆಮನೆ ಮುಚ್ಚೋ ಮಾತು ಬಂದ್ರೆ ನಮ್ಮ ಮೂವತ್ತೊಂದು ಜನ ಬಂದು ಮತ ಹಾಕೋಕೆ ಬಿಡ್ತೀರಾ?"

"ಬಿಡಲ್ಲ" ಅಂದರು ಈರಭದ್ರಯ್ಯನವರು. "ಆದ್ರೆ ಅದರಿಂದ ನನಗೆ ದಾದಿ ಸಿಗಲ್ಲವಲ್ಲ."

ಅಲ್ಲಿಯವರೆಗೆ ಬಾಗಿಲಲ್ಲೇ ನಿಂತಿದ್ದ ಚಿಕ್ಕಮ್ಮ ಒಳಗೆ ಬಂದು ಹಾಸಿಗೆಯ ಅಂಚಿನಲ್ಲಿ ಕೂತಳು. "ನನ್ನನ್ನ ಕಿತ್ತು ಅಲ್ಲಿ ನೆಟ್ರೆ ನಿಮಗೆ ಸಿಗೋದು ಒಬ್ಬ ಮುದುಕಿ. ಗುಡ್ಡ ಹತ್ತೋಕೂ ಆಗಲ್ಲ ನನಗೆ. ನಿಮ್ಮ ಹೆಣ್ಣುಮಕ್ಕಳು ನಾಲ್ಕು ಜನರನ್ನ ಕೆರೆಯಂಚಿಗೆ ಕಳಿಸಿ. ವರ್ಷೊಪ್ಪತ್ತಿನಲ್ಲಿ ಕೈ ಪಳಗಿಸಿ ವಾಪಸ್ ಕಳಿಸ್ತೀನಿ. ಮತ್ತೆ ನಾಲ್ಕು ಜನ ಬರ್ಲಿ. ಅಲ್ಲಿ ಹೆರಿಗೆಗಳು ಆಗ್ತಾ ಇದ್ರೆ ತಾನೇ ಕಲಿಸೋದು? ಬಾಗಿಲು ಮುಚ್ಚಿದ್ರೆ ಏನನ್ನ ತೋರಿಸಿ ಕಲಿಸ್ಲಿ?"

"ಯಾವತ್ತಿಂದ?"

"ನಾಳೆ ಕಳಿಸಿ. ನೀವು ಆ ಕಡೆ ನಡೆದ್ರೂ ಸರಿ, ಈ ಕಡೆ ನಡೆದ್ರೂ ಸರಿ, ಕಳಿಸಿ. ಬಾಗಿಲು ತೆಗೆದಿರೋವರೆಗೆ ಕಲಿಸ್ತೀನಿ."

ಎರಡು ದಿನದ ಮೇಲೆ ಗುಡ್ಡದ ನಾಲ್ಕು ಹೆಣ್ಣುಮಕ್ಕಳು ಟ್ರಂಕು ಹಿಡಿದುಕೊಂಡು ಕೆರೆಯಂಚಿನಲ್ಲಿ ಬಸ್ಸಿಳಿದರು.

ಇಪ್ಪತ್ತೆಂಟರ ಶುಕ್ರವಾರ ಹನ್ನೊಂದು ಗಂಟೆಗೆ ಸೂಚನೆ ಮತಕ್ಕೆ ಬಂತು. ನಮ್ಮವರು ಎದ್ದರು, ಬಾಗಿಲು ತೆಗೆದರು, ನಡೆದರು. ಗುಂಡು ಪೂರ್ವದ ಐದನೇ ಗೆರೆಗೆ ಹೋಗಿ ನಿಂತಿತು. ಆಮೇಲೆ ನೆಂಟರು ಎದ್ದರು. ಗುಂಡು ಹಿಂದಕ್ಕೆ ಬರತೊಡಗಿತು. ನಾಲ್ಕು. ಮೂರು. ತಲೆಯೆತ್ತಿ ಯಾರು ಎಲ್ಲಿಗೆ ಹೋಗುತ್ತಿದ್ದಾರೆ ಎಂದು ನೋಡುವ ಹಾಗಿಲ್ಲ, ನೋಡಲಿಲ್ಲ. ಎರಡು. ಹಿಂದಿನ ಸಾಲಿನಿಂದ ಈರಭದ್ರಯ್ಯನವರ ಕೋಲಿನ ಸದ್ದು ಕೇಳಿಸಿತು. ಅದು ನನ್ನ ಬೆನ್ನ ಹಿಂದೆ ಬಂದು ಒಂದು ಕ್ಷಣ ತಡೆದು ಪೂರ್ವದ ಕಡೆಗೆ ಹೋಯಿತು. ಅದರ ಹಿಂದೆ ಕೆಲವು ಹೆಜ್ಜೆ ಅದೇ ದಾರಿ ಹಿಡಿದವು, ಕೆಲವು ಹಿಡಿಯಲಿಲ್ಲ. ಗುಂಡು ಒಂದನೇ ಗೆರೆಯ ಮೇಲೆ ನಿಂತಿತು. ಪೂರ್ವದ ಒಂದನೇ ಗೆರೆ. ಎರಡು ನಿಮಿಷ ಕಾದೆ. ಮೂರನೇ ಸಲವೂ ನೋಡಿ ಎದ್ದು ಹೇಳಿದೆ. ಸೂಚನೆ ಗೆದ್ದಿತು.

ಅಂದಿನಿಂದ ಏಪ್ರಿಲ್ ಒಂಬತ್ತರವರೆಗೆ ಮಂತ್ರಿಗಳ ಕಡೆಯವರು ನಮ್ಮ ಹದಿನೆಂಟು ಜನರ ಮನೆ ಬಾಗಿಲು ಸವೆಸಿದರು. ಇಬ್ಬರು ಜಾರಿದರು, ನಾಲ್ವರು ಜಾರಿದರು, ಎಲ್ಲರೂ ಜಾರಿದರು ಎಂದು ದಿನಕ್ಕೊಂದು ಸುದ್ದಿ. ಹತ್ತೊಂಬತ್ತನೇ ನಿಯಮದಲ್ಲಿ ಇದಕ್ಕೆ ಮದ್ದಿರಲಿಲ್ಲ. ನಮ್ಮವರೇ ಮುಚ್ಚಿ ಅಂದರೆ ಅದನ್ನೂ ನಾನೇ ಗಟ್ಟಿಯಾಗಿ ಓದಬೇಕು ಎಂದು ಚಿಕ್ಕಮ್ಮನಿಗೆ ಹೇಳಿದೆ.

"ಓದು" ಅಂದಳು. "ಯಾರು ಮುಚ್ಚಿದ್ರು ಅಂತ ಆಗಲಾದ್ರೂ ಗೊತ್ತಾಗುತ್ತೆ."

ಏಪ್ರಿಲ್ ಒಂಬತ್ತು, ಬುಧವಾರ. ಗಂಟೆ ಹೊಡೆದಾಗ ಹೊರಗೆ ಬೀದಿಯಲ್ಲಿ ಮಾತು ನಿಂತಿತು. ಎಲ್ಲರೂ ಏನನ್ನೋ ಹಿಡಿದುಕೊಂಡಿರುತ್ತಾರೆ. ಮೂವತ್ತೊಂದು ಜನ ಎದ್ದು ಹೋದರು. ಉಳಿದ ಮೂವತ್ತು ಜನ, ಆ ಕಟ್ಟಡದಲ್ಲಿ ಮೊದಲ ಸಲ, ನನ್ನ ಮಾತಿಗಾಗಿ ಕಾಯುತ್ತಾ ಕೂತಿದ್ದರು. ಈರಭದ್ರಯ್ಯನವರು ಕೋಲನ್ನು ಮಂಡಿಯ ನಡುವೆ ನಿಲ್ಲಿಸಿಕೊಂಡು, ಅದರ ಹಿಡಿಯ ಮೇಲೆ ಗಲ್ಲ ಊರಿದ್ದರು. ಗ್ಯಾಲರಿಯಲ್ಲಿ ಚಿಕ್ಕಮ್ಮನ ಪಕ್ಕಕ್ಕೆ ಗುಡ್ಡದ ನಾಲ್ಕು ಹುಡುಗಿಯರು. ಗುಂಡು ಹೊರಟು, ನಿಧಾನವಾಗಿ, ನಿಂತಿತು. ಜಾರಿದ್ದು ಒಬ್ಬರೇ. ನಾನು ಎರಡು ಸಲ ನೋಡಿದೆ, ಎದ್ದು ಹೇಳಿದೆ, ಹೆರಿಗೆಮನೆಗಳ ಮಸೂದೆ ಅಲ್ಲಿಗೇ ಬಿತ್ತು. ಎರಡನೇ ತೂಗು ಬರಲಿಲ್ಲ. ಮೂರು ತಿಂಗಳ ರಜೆಗೆ ಊರು ಹೇಗೆ ನಿಂತಿದೆ ಎಂದು ದೊಡ್ಡ ಪುಸ್ತಕದಲ್ಲಿ ಬರೆದು ಸಹಿ ಮಾಡಿದೆ: ಪಶ್ಚಿಮಕ್ಕೆ, ಮೀಟರಿಗೆ ಒಂದೂವರೆ ಮಿಲಿಮೀಟರ್.